ಎಡಗಾಲಿಗೆ ಕೆಲಸವಿಲ್ಲದ ಗಾಡಿ

ಜೂನ್ ೧೪, ಶನಿವಾರ. ಸಂಜೆ ಐದೂ ಕಾಲಿಗೆ ಬರೆಯಲು ಕೂತೆ. ಬೆಳಿಗ್ಗೆ ಪಡಸಾಲೆಯಲ್ಲಿ ಆಡಿದ ಮಾತುಗಳು ಇನ್ನೂ ಕಿವಿಯಲ್ಲಿವೆ. ಊಟದ ಹೊತ್ತಿನವರೆಗೆ ಕಾದರೆ ಸಿಟ್ಟು ಇಳಿದುಬಿಡುತ್ತದೆ, ನಾಳೆ ನಾನೇ ಅವರ ಪರವಾಗಿ ವಾದ ಕಟ್ಟಲು ಶುರುಮಾಡುತ್ತೇನೆ. ನನ್ನ ಸ್ವಭಾವ ನನಗೆ ಗೊತ್ತು. ಅದಕ್ಕೆ ಈಗಲೇ ಬರೆಯುತ್ತಿದ್ದೇನೆ.

ವಿಷಯ ಇಷ್ಟು. ನನ್ನದೊಂದು ಕಾರಿದೆ. ಆಟೋಮ್ಯಾಟಿಕ್, ಅಂದರೆ ಕ್ಲಚ್ ಇಲ್ಲ, ಗೇರನ್ನು ಅದೇ ಬದಲಿಸಿಕೊಳ್ಳುತ್ತದೆ. ಈಗ ಅದು ಗೇರ್‌ಬಾಕ್ಸ್ ಕೆಟ್ಟು ಸಾಂಗ್ಲಿಯ ಒಂದು ಸರ್ವಿಸ್ ಸೆಂಟರಿನ ಹಿಂದಿನ ಶೆಡ್ಡಿನಲ್ಲಿ ನಿಂತಿದೆ. ಅದನ್ನು ಇದ್ದ ಹಾಗೆಯೇ ಮಾರಿ ಗೇರಿನ ಗಾಡಿ ತಗೊಳ್ಳಬೇಕೆಂದು ಮನೆಯವರು ತೀರ್ಮಾನಿಸಿದ್ದಾರೆ. ಗೇರಿನ ಗಾಡಿಯನ್ನು ನಾನು ಓಡಿಸಲಾರೆ. ಅಂದರೆ ಮತ್ತೆ ಇನ್ನೊಬ್ಬರ ಪುರುಸೊತ್ತು ನೋಡಿಕೊಂಡು ಸಂತೆಗೆ ಹೋಗುವವಳಾಗಬೇಕು.

ನಮ್ಮದು ಜತ್ತ ತಾಲೂಕಿನ ಉಟಗಿಯ ಹೊರಗೆ, ಹೊಲಗಳ ನಡುವಿನ ವಸ್ತಿ. ಹೊಲವಿದೆ, ಜೊತೆಗೆ ಅಜ್ಜನ ಕಾಲದಿಂದ ಬಟ್ಟೆ ವ್ಯಾಪಾರ. ಅಪ್ಪ ಹೋದ ಮೇಲೆ ಆ ವ್ಯಾಪಾರವನ್ನು ನಾನು ಹಿಡಿದೆ. ಕುಪ್ಪಸದ ಖಣ, ಸೀರೆಯೊಳಗೆ ಉಡುವ ಪರಕರದ ಬಟ್ಟೆ, ಲೇಸು, ಸೀರೆಗೆ ಹಚ್ಚುವ ಫಾಲು, ಇಷ್ಟನ್ನು ಗಂಟು ಕಟ್ಟಿಕೊಂಡು ಸುತ್ತಲಿನ ಊರುಗಳ ವಾರದ ಸಂತೆಗಳಲ್ಲಿ ಮಾರುತ್ತೇನೆ. ಸಂತೆಯಲ್ಲಿ ಮೊದಲು ಬಂದವರಿಗೆ ಬೇವಿನ ನೆರಳು. ತಡವಾಗಿ ಹೋದರೆ ಕುಡುಗೋಲಿಗೆ ಸಾಣೆ ಹಿಡಿಯುವವನ ಪಕ್ಕದಲ್ಲಿ ಜಾಗ. ಅಲ್ಲಿ ಕಿಡಿ ಹಾರುತ್ತವೆ, ಬಟ್ಟೆ ಹರವಿ ಕೂಡ್ರುವಂತಿಲ್ಲ. ಗಂಟು ಬಿಚ್ಚದೆ ಯಾರಾದರೂ ಕೇಳಿದರೆ ಒಂದೊಂದೇ ತೆಗೆದು ತೋರಿಸಬೇಕು. ಕಾಣದ ಬಟ್ಟೆಯನ್ನು ಯಾರು ಕೇಳುತ್ತಾರೆ?

ನನ್ನ ಎಡಗಾಲಿನ ಕತೆಯನ್ನೂ ಹೇಳಬೇಕು. ನಮ್ಮ ಕಡೆ ಎಸ್.ಟಿ. ಬಸ್ಸು ಬಾರದ ಹೊತ್ತಿನಲ್ಲಿ ಜನ ತುಂಬಿಕೊಂಡು ಓಡುವ ಜೀಪುಗಳಿಗೆ ವಡಾಪ್ ಅನ್ನುತ್ತಾರೆ. ಮೂರು ವರ್ಷದ ಹಿಂದೆ ಅಂಥದೊಂದು ಜೀಪು, ಹಿಂದಿನ ಮೆಟ್ಟಿಲಿನಿಂದ ನಾನು ಇನ್ನೂ ಇಳಿಯುತ್ತಿದ್ದಾಗಲೇ ಹೊರಟಿತು. ಎಡಗಾಲಿನ ಹರಡು, ಪಾದ ಕಾಲಿಗೆ ಕೂಡುವ ಆ ಕೀಲು, ಮುರಿಯಿತು. ಮಿರಜಿನ ಆಸ್ಪತ್ರೆಯಲ್ಲಿ ಲೋಹದ ಪಟ್ಟಿ ಹಾಕಿ ಕೂಡಿಸಿದರು. ನಡೆಯುತ್ತೇನೆ, ಮೆಟ್ಟಿಲು ಹತ್ತುತ್ತೇನೆ. ಆದರೆ ಪಾದ ಮೇಲೆ ಕೆಳಗೆ ಬಾಗುವುದಿಲ್ಲ. ಕ್ಲಚ್ ತುಳಿಯಬೇಕಾದರೆ ತೊಡೆಯಿಂದಲೇ ಇಡೀ ಕಾಲನ್ನು ಎತ್ತಿ ಒತ್ತಬೇಕು. ಒಮ್ಮೆ ಆಗುತ್ತದೆ, ಎರಡು ಸಲ ಆಗುತ್ತದೆ. ಜತ್ತದ ಪೇಟೆಯಲ್ಲಿ ಎಮ್ಮೆ, ಹ್ಯಾಂಡಗಾಡಿ, ಮೋಟರ್ ಸೈಕಲ್‌ಗಳ ನಡುವೆ ಅದು ಆಗುವ ಮಾತಲ್ಲ.

ನನಗೆ ಗೇರು ಗೊತ್ತಿಲ್ಲ ಅಂತ ಯಾರೂ ತಿಳಿಯಬಾರದು. ಕಾಲು ಮುರಿಯುವ ಮೊದಲು ಅಣ್ಣನ ಹಳೆಯ ಓಮ್ನಿಯನ್ನು ನಾನೇ ಓಡಿಸುತ್ತಿದ್ದೆ. ಎರಡರಿಂದ ಮೂರಕ್ಕೆ ಅಂಗೈಯಿಂದ ಮೆಲ್ಲಗೆ ದಬ್ಬಿದರೆ ಅದು ತಾನೇ ಹೋಗಿ ಕೂಡುತ್ತಿತ್ತು. ಇಳಿಜಾರಿನಲ್ಲಿ ಬ್ರೇಕ್ ಮುಟ್ಟದೆ ಗೇರಿನಿಂದಲೇ ಗಾಡಿಯನ್ನು ಹಿಡಿದು ಇಳಿಸುವುದರಲ್ಲಿ ಒಂದು ಸುಖವಿದೆ. ಬ್ಯಾಟರಿ ಇಳಿದರೆ ನಾಲ್ಕು ಜನ ದಬ್ಬಿದರೆ ಸಾಕು. ಯಾವ ಊರಿನ ಮೇಸ್ತ್ರಿಯಾದರೂ ಬಿಚ್ಚಿ ನೋಡುತ್ತಾನೆ. ಇವೆಲ್ಲ ನಿಜ, ನಾನು ಯಾವತ್ತೂ ಅಲ್ಲಗಳೆದಿಲ್ಲ. ನನ್ನ ಮಾತು ಒಂದೇ ಆಗಿತ್ತು. ಆ ಗಾಡಿ ಎಷ್ಟೇ ಚೆನ್ನಾಗಿದ್ದರೂ ಅದಕ್ಕೆ ಬೇಕಾದ ಕಾಲು ನನ್ನ ಹತ್ತಿರ ಇಲ್ಲ.

ಕಾಲು ಮುರಿದ ಮೇಲೆ ಎರಡು ವರ್ಷ ಅಣ್ಣನೇ ನನ್ನನ್ನು ಸಂತೆಗೆ ಬಿಡುತ್ತಿದ್ದ. ಡೈರಿಯಲ್ಲಿ ಸಂತೆಯ ದಿನದ ಮುಂದೆ ತಡವಾದರೆ ಒಂದು ಗೀಟು, ಹೋಗದೇ ಉಳಿದರೆ ಅಡ್ಡಗೀಟು ಹಾಕುವುದು ನನ್ನ ರೂಢಿ. ಎರಡನೆಯ ವರ್ಷದ್ದನ್ನು ಕೂಡಿಸಿದಾಗ ಗೀಟು ನಲವತ್ತೊಂದು, ಅಡ್ಡಗೀಟು ಹದಿನಾಲ್ಕು ಬಂತು. ಅಣ್ಣ ಕೆಟ್ಟವನಲ್ಲ. ಹೊಲಕ್ಕೆ ನೀರು ಬಿಡಬೇಕಾಗುತ್ತಿತ್ತು, ಯಾರೋ ಕರೆಯುತ್ತಿದ್ದರು, ಚಹಾ ಆಗುತ್ತಿತ್ತು. ನಾನು ಗಂಟು ಕಟ್ಟಿ ಕಟ್ಟೆಯ ಮೇಲೆ ಕೂತಿರುತ್ತಿದ್ದೆ. ಕೂತವಳು ಒಂದು ಸಲ ಕೇಳಿದರೆ ನೆನಪು ಮಾಡಿದ ಹಾಗೆ, ಎರಡು ಸಲ ಕೇಳಿದರೆ ಜಗಳ.

ಅದಕ್ಕೇ ಹೋದ ಡಿಸೆಂಬರಿನಲ್ಲಿ ನನ್ನ ವ್ಯಾಪಾರದ ದುಡ್ಡಿನಿಂದಲೇ ಕಾರು ತಗೊಳ್ಳುತ್ತೇನೆ ಅಂದೆ. ಆಟೋಮ್ಯಾಟಿಕ್ ಅನ್ನುವ ಶಬ್ದ ಬಾಯಿಂದ ಬಿದ್ದದ್ದೇ ತಡ, ಪಡಸಾಲೆ ತುಂಬಿತು. ನಮ್ಮ ಭಾವಕಿಯಲ್ಲಿ, ಅಂದರೆ ಒಂದೇ ಮನೆತನದ ಅಣ್ಣತಮ್ಮಂದಿರ ಐದು ಮನೆಗಳಲ್ಲಿ, ಒಂದು ಪದ್ಧತಿಯಿದೆ. ಯಾರ ಗಾಡಿಯಾದರೂ ಇರಲಿ, ಅದರ ಚಾವಿಯನ್ನು ನಮ್ಮ ಪಡಸಾಲೆಯ ಬಾಗಿಲ ಪಕ್ಕದ ಗೂಟಕ್ಕೆ ಹಾಕಬೇಕು. ಬೇಕಾದವರು ತೆಗೆದುಕೊಂಡು ಹೋಗುತ್ತಾರೆ, ತಂದು ಅಲ್ಲಿಯೇ ಹಾಕುತ್ತಾರೆ. ಕೇಳುವ ಹಾಗಿಲ್ಲ. ಕೇಳಿದರೆ ನಮ್ಮನ್ನು ಪರಕೀಯರಂತೆ ಕಂಡಿರಿ ಅಂತ ಬೇಜಾರು ಮಾಡಿಕೊಳ್ಳುತ್ತಾರೆ. ಈ ಗೂಟದಿಂದ ಬದುಕಿದವರಿದ್ದಾರೆ. ನನ್ನನ್ನು ಮಿರಜಿಗೆ ಒಯ್ದ ಗಾಡಿಯ ಚಾವಿಯೂ ಅಲ್ಲಿಂದಲೇ ತೆಗೆದದ್ದು. ಅದಕ್ಕೇ ನಾನು ಆ ಪದ್ಧತಿಯ ವಿರುದ್ಧ ಬಾಯಿ ಬಿಟ್ಟಿರಲಿಲ್ಲ.

ಅಪ್ಪನ ತಮ್ಮ, ನಮ್ಮ ಕಾಕಾ, ಈಗ ಮನೆತನಕ್ಕೆ ಹಿರಿಯರು. ಟ್ರ್ಯಾಕ್ಟರು, ಜೀಪು ಎರಡನ್ನೂ ನಾನು ಹುಟ್ಟುವ ಮೊದಲಿನಿಂದ ಓಡಿಸಿದವರು. ಅವರು ಮಾತು ತೆಗೆದರು.

"ಗಾಡಿ ಮನಿಗಿ ಬೇಕವಾ, ಒಬ್ಬರಿಗಲ್ಲ. ನಡುರಾತ್ರಿ ಯಾರಿಗಾರ ಹೊಟ್ಟಿ ಕಡೀತಂದ್ರ ನಿನ್ನ ಎಬ್ಬಿಸ್ಕೋತ ಕುಂದ್ರೂದೇನು?"

"ಎಬ್ಬಸ್ರಿ ಕಾಕಾ, ಏಳ್ತೀನಿ," ಅಂದೆ.

ಎಲ್ಲರೂ ನಕ್ಕರು. ನಾನು ನಗೆಮಾತು ಆಡಿರಲಿಲ್ಲ.

ಸಾಂಗ್ಲಿಯ ಶೋರೂಮಿಗೆ ಅಣ್ಣನೂ ಬಂದ. ಅಲ್ಲಿನ ಮಾರಾಟದ ಹುಡುಗ ಅರ್ಧ ತಾಸು ಅಣ್ಣನ ಕಣ್ಣು ನೋಡಿಕೊಂಡೇ ಮಾತಾಡಿದ. ಓಡಿಸುವವಳು ನಾನು ಅಂತ ನಾನು ಮರಾಠಿಯಲ್ಲಿ ಎರಡು ಸಲ ಹೇಳಿದೆ. ಹೌದು ತಾಯಿ, ಹೆಂಗಸರಿಗೆ ಇದೇ ಸುಲಭ, ಅಂತ ಅಂದು ಮತ್ತೆ ಅಣ್ಣನ ಕಡೆಗೇ ತಿರುಗಿದ. ಓಡಿಸಿ ನೋಡುವ ಹೊತ್ತಿಗೂ ಸ್ಟೇರಿಂಗ್ ಮುಂದೆ ಅಣ್ಣನನ್ನೇ ಕೂಡ್ರಿಸಿದ. ಹೊರಗಿನ ರಸ್ತೆಗೆ ಬಂದು ವೇಗ ಹಿಡಿದ ಕೂಡಲೇ ಅಣ್ಣನ ಎಡಗಾಲು ರೂಢಿಯಂತೆ ಕ್ಲಚ್ ಹುಡುಕಿತು. ಸಿಕ್ಕಿದ್ದು ಬ್ರೇಕಿನ ಅಗಲ ಪೆಡಲು. ಕ್ಲಚ್ ತುಳಿಯುವ ಹಾಗೆ ಬುಡದವರೆಗೆ ತುಳಿದ. ಮಾರಾಟದ ಹುಡುಗನ ಹಣೆ ಡ್ಯಾಶ್‌ಬೋರ್ಡಿಗೆ ಬಡಿಯಿತು, ಹಿಂದೆ ಕೂತ ನಾನು ಅಣ್ಣನ ಸೀಟಿನ ಬೆನ್ನಿಗೆ ಬಡಿದೆ. ಸ್ವಲ್ಪ ಮುಂದೆ ಹೋಗಿ ಇನ್ನೊಂದು ಸಲ ಹಾಗೆಯೇ ಮಾಡಿದ. ಬ್ರೇಕ್ ಭಾಳ ಹರಿತ ಅದಾವು, ಈ ಗಾಡಿ ಬರೋಬರಿ ಇಲ್ಲ ಅಂತ ತೀರ್ಪು ಕೊಟ್ಟ.

ಆಮೇಲೆ ನಾನು ಕೂತೆ. ಎಡಗಾಲನ್ನು ಬಾಗಿಲ ಕಡೆಗೆ ಸರಿಸಿ ಇಟ್ಟೆ. ಬಲಗಾಲು ಒಂದೇ, ಎಕ್ಸಿಲೇಟರು ಮತ್ತು ಬ್ರೇಕು. ಎರಡು ವರ್ಷದಿಂದ ಪಕ್ಕದ ಸೀಟಿನಲ್ಲಿ ಕೂತು ಕಂಡ ರಸ್ತೆ ನೇರವಾಗಿ ನನ್ನ ಮುಂದೆ ಬಂತು. ಒಂದು ಸುತ್ತು ಹೊಡೆದು ತಂದು ನಿಲ್ಲಿಸಿದೆ. ಅಣ್ಣ ದಾರಿಯುದ್ದಕ್ಕೂ ಎಡಗೈಯನ್ನು ತೊಡೆಯ ಮೇಲೆ ಇಟ್ಟುಕೊಂಡು ಇಲ್ಲದ ಗೇರು ಬದಲಿಸುತ್ತಿದ್ದ.

ಮನೆಗೆ ಬಂದು ಇದನ್ನೆಲ್ಲ ಹೇಳಿದಾಗ ವೈನಿ, ಅಣ್ಣನ ಹೆಂಡತಿ, ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ಅಂದಳು, "ಅವರ ಎಡಗಾಲಿಗೆ ಸುಮ್ ಇರಾಕ ಬರೂದಿಲ್ಲ. ಮನ್ಯಾಗೂ ಹಂಗಽ, ನಡುವ ಬಂದು ತುಳೀತಾರ."

ಡಿಸೆಂಬರ್ ಒಂಬತ್ತಕ್ಕೆ ಕಾರು ಅಂಗಳಕ್ಕೆ ಬಂತು. ಅವತ್ತೇ ಭಾವಕಿಯ ಗಂಡಸರನ್ನೆಲ್ಲ ಕರೆದು ತೋರಿಸಿದೆ. ಗೇರಿನ ಹಿಡಿಯ ಗುಬುಟು ನಿಲ್ಲಿಸುವ ಪಿ ಅಥವಾ ಗೇರಿಲ್ಲದ ಎನ್ ಅಕ್ಷರದಲ್ಲಿ ಇಲ್ಲದಿದ್ದರೆ ಇದು ಚಾಲೂ ಆಗುವುದಿಲ್ಲ. ಬ್ರೇಕ್ ತುಳಿದೇ ಚಾವಿ ತಿರುಗಿಸಬೇಕು. ಕೆಟ್ಟು ನಿಂತರೆ ದಬ್ಬಬೇಡಿ, ಹಗ್ಗ ಕಟ್ಟಿ ಎಳೆಯಬೇಡಿ, ನನಗೆ ಫೋನ್ ಮಾಡಿ. ಇಂಜಿನ್ ಬಂದ್ ಇದ್ದಾಗ ಗೇರ್‌ಬಾಕ್ಸಿನೊಳಗೆ ಎಣ್ಣೆ ಹರಿಯುವುದಿಲ್ಲ, ಗಾಲಿ ಉರುಳಿದರೆ ಒಳಗಿನದೆಲ್ಲ ಒಣಗಿ ತಿಕ್ಕುತ್ತದೆ ಅಂತಲೂ ಹೇಳಿದೆ. ಕಾಕಾ ತಂಬಾಕು ತಿಕ್ಕುತ್ತ ಕೇಳಿಸಿಕೊಂಡರು. ಆತು ಬಿಡವಾ, ನಾವು ಗಾಡಿ ಕಂಡವರಲ್ಲೇನು, ಅಂದರು. ಚಾವಿಯನ್ನು ಗೂಟಕ್ಕೆ ಹಾಕಿದೆ.

ಮುಂದಿನ ಐದೂವರೆ ತಿಂಗಳು ಡೈರಿಯಲ್ಲಿ ಒಂದೂ ಗೀಟಿಲ್ಲ. ಮುಂಜಾನೆ ಅವ್ವ ಗಂಟುಗಳನ್ನು ಹಿಂದಿನ ಸೀಟಿನಲ್ಲಿ ಒಟ್ಟಲು ಕೈ ಹಚ್ಚುತ್ತಿದ್ದಳು. ನಾನು ಹೊರಡುತ್ತಿದ್ದೆ. ಇಷ್ಟೇ. ಇದರಲ್ಲಿ ಬರೆಯುವಂಥದ್ದು ಏನೂ ಇರಲಿಲ್ಲ, ಅದೇ ಅದರ ಸೊಗಸು. ಬೇವಿನ ನೆರಳಿನಲ್ಲಿ ಬಟ್ಟೆ ಹರವುತ್ತಿದ್ದೆ, ಬಿಸಿಲು ಇಳಿದ ಮೇಲೆ ಮಡಚುತ್ತಿದ್ದೆ, ಯಾವಾಗ ಬರುತ್ತಾರೋ ಅಂತ ರಸ್ತೆ ನೋಡುತ್ತಿರಲಿಲ್ಲ. ಕಾರು ಪೆಟ್ರೋಲು ತುಸು ಹೆಚ್ಚು ಕುಡಿಯುತ್ತಿತ್ತು. ಏರಿನಲ್ಲಿ ಗೇರು ಇಳಿಸಲು ಒಂದು ಕ್ಷಣ ಯೋಚಿಸುತ್ತಿತ್ತು. ಓಮ್ನಿಯಾಗಿದ್ದರೆ ಆ ಕ್ಷಣ ನನ್ನ ಕೈಯಲ್ಲಿರುತ್ತಿತ್ತು ಅಂತ ಅನಿಸಿದ್ದೂ ಉಂಟು.

ಮೇ ೨೯, ಗುರುವಾರ ನಾನು ಮಾಲು ತರಲು ಎಸ್.ಟಿ. ಹತ್ತಿ ಸಾಂಗ್ಲಿಗೆ ಹೋಗಿದ್ದೆ. ಅಲ್ಲಿಯ ಪೇಟೆಯಲ್ಲಿ ಕಾರು ನಿಲ್ಲಿಸಲು ಜಾಗ ಸಿಗುವುದಿಲ್ಲ. ಅವತ್ತು ಕರಜಗಿಯಲ್ಲಿ ಕಾಕಾನ ಬೀಗರ ಮನೆಯಲ್ಲಿ ಮದುವೆಯ ನಿಶ್ಚಯವಿತ್ತು. ಜೀಪು ಇತ್ತು. ಆದರೆ ಬೀಗರ ಮುಂದೆ ಹೊಸ ಕಾರಿನಲ್ಲಿ ಇಳಿಯಬೇಕು ಅಂತ ಕಾಕಾ ಗೂಟದ ಚಾವಿ ತೆಗೆದರು. ಹೋಗುವಾಗ ಸರಿಯಾಗಿಯೇ ಹೋಗಿದ್ದಾರೆ. ಬೀಗರ ಅಂಗಳದಲ್ಲಿ ಹ್ಯಾಂಡ್‌ಬ್ರೇಕ್ ಎಳೆದು, ಗುಬುಟನ್ನು ಓಡುವ ಡಿ ಅಕ್ಷರದಲ್ಲಿಯೇ ಬಿಟ್ಟು ಇಂಜಿನ್ ಬಂದ್ ಮಾಡಿದ್ದಾರೆ. ಹಾಗೆ ಬಿಟ್ಟರೆ ಚಾವಿ ಹೊರಗೆ ಬರುವುದಿಲ್ಲ. ಚಾವಿ ಸಿಕ್ಕಿಕೊಂಡಿದೆ ಅಂತ ಅಲ್ಲಿಯೇ ಬಿಟ್ಟು ಊಟಕ್ಕೆ ಹೋಗಿದ್ದಾರೆ.

ತಿರುಗಿ ಹೊರಡುವಾಗ ಚಾವಿ ತಿರುಗಿಸಿದರೆ ಗಾಡಿ ಮಾತಾಡಲಿಲ್ಲ. ನಮ್ಮ ಕಡೆ ಗಾಡಿ ಮಾತಾಡದಿದ್ದರೆ ಮಾಡುವುದು ಒಂದೇ. ಆರು ಜನ ಸೇರಿ ಡಿ ಗೇರಿನಲ್ಲಿಯೇ ಬೀದಿಯ ತುದಿಯವರೆಗೆ ದಬ್ಬಿದರು. ಕ್ಲಚ್ ಬಿಟ್ಟು ಜಗ್ಗಿಸಿ ಚಾಲೂ ಮಾಡುವ ವಿದ್ಯೆ ಕ್ಲಚ್ ಇಲ್ಲದ ಗಾಡಿಯಲ್ಲಿ ನಡೆಯುವುದಿಲ್ಲ. ಆಮೇಲೆ ಬೀಗರ ಟ್ರ್ಯಾಕ್ಟರು ಬಂತು, ಹಗ್ಗ ಬಂತು. ಎಳೆಯಲು ಅನುಕೂಲವಾಗಲಿ ಅಂತ ಗುಬುಟನ್ನು ಎನ್ ಅಕ್ಷರಕ್ಕೆ ಹಾಕಿದರು. ನನಗೆ ಇವತ್ತಿಗೂ ಉರಿಯುವುದು ಇಲ್ಲಿಯೇ. ಎನ್‌ನಲ್ಲಿ ಇದ್ದಾಗ ಬ್ರೇಕ್ ತುಳಿದು ಚಾವಿ ಒಂದು ಸಲ ತಿರುಗಿಸಿದ್ದರೆ ಕಾರು ಚಾಲೂ ಆಗುತ್ತಿತ್ತು. ಒಬ್ಬರೂ ತಿರುಗಿಸಲಿಲ್ಲ. ಕೆಟ್ಟಿದೆ ಅಂತ ಎಲ್ಲರೂ ಒಪ್ಪಿಕೊಂಡಾಗಿತ್ತು. ನನಗೆ ಫೋನ್ ಮಾಡಲು ಯಾರಿಗೂ ನೆನಪಾಗಲಿಲ್ಲ.

ಸಂಜೆ ಬಸ್ಸಿಳಿದು ಮಾಲಿನ ಚೀಲ ಹೊತ್ತು ವಸ್ತಿಯ ದಾರಿಯಲ್ಲಿ ನಡೆಯುತ್ತಿದ್ದೆ. ಹಿಂದಿನಿಂದ ಟ್ರ್ಯಾಕ್ಟರಿನ ಸದ್ದು ಬಂತು, ಪಕ್ಕಕ್ಕೆ ಸರಿದೆ. ಟ್ರ್ಯಾಕ್ಟರು ಹೋಯಿತು, ಅದರ ಹಿಂದೆ ಹಗ್ಗ ಹೋಯಿತು, ಹಗ್ಗದ ಹಿಂದೆ ನನ್ನ ಕಾರು ಹೋಯಿತು. ಕಾಕಾ ಒಳಗಿಂದ ನನ್ನ ಕಡೆ ಕೈ ಬೀಸಿದರು. ಧೂಳು ಇಳಿಯುವವರೆಗೆ ನಾನು ಅಲ್ಲಿಯೇ ನಿಂತಿದ್ದೆ. ಕರಜಗಿಯಿಂದ ಉಟಗಿಯವರೆಗೂ ಹೀಗೆಯೇ ಎಳೆದು ತಂದಿದ್ದರು.

ಅಂಗಳದಲ್ಲಿ ನಾನು ಚಾವಿ ತಿರುಗಿಸಿದೆ, ಇಂಜಿನ್ ಕೂಡಲೇ ಚಾಲೂ ಆಯಿತು. ಕಾಕಾ, "ನೋಡ್ರೆಪಾ, ಸರಿ ಆತು," ಅಂದರು. ಡಿಗೆ ಹಾಕಿ ಬ್ರೇಕ್ ಬಿಟ್ಟೆ. ಇಂಜಿನ್ ಓಡುತ್ತಿತ್ತು, ಒಳಗಿಂದ ಕೊರಕೊರ ಸದ್ದು ಬರುತ್ತಿತ್ತು, ಗಾಡಿ ನಿಂತಲ್ಲೇ ನಿಂತಿತ್ತು.

ಜತ್ತದ ಮೇಸ್ತ್ರಿ ಬಂದು ಬಾನೆಟ್ ಎತ್ತಿದ, ಮುಚ್ಚಿದ. ಇಂಥದಕ್ಕೆ ನಾನು ಕೈ ಹಾಕುವುದಿಲ್ಲ ಅಂದ. ಲಾರಿಯ ಮೇಲೆ ಹೇರಿ ಸಾಂಗ್ಲಿಗೆ ಕಳಿಸಿದೆವು. ಅಲ್ಲಿಯವರು ಗೇರ್‌ಬಾಕ್ಸಿನ ಎಣ್ಣೆ ತೆಗೆದು ತೋರಿಸಿದರು. ಅದರಲ್ಲಿ ಲೋಹದ ಪುಡಿ ಹೊಳೆಯುತ್ತಿತ್ತು. ಬಿಚ್ಚಿ ರಿಪೇರಿ ಮಾಡುವುದು ತಮ್ಮಲ್ಲಿಲ್ಲ, ಇಡೀ ಗೇರ್‌ಬಾಕ್ಸನ್ನೇ ಬದಲಿಸಬೇಕು, ಎಳೆದು ಕೆಡಿಸಿದ್ದಕ್ಕೆ ಕಂಪನಿಯ ಗ್ಯಾರಂಟಿ ಬರುವುದಿಲ್ಲ ಅಂದರು. ಅಂದಿನಿಂದ ನಾನು ಮತ್ತೆ ಕಟ್ಟೆಯ ಮೇಲೆ ಗಂಟಿನ ಪಕ್ಕ ಕೂತಿದ್ದೇನೆ. ಗೀಟು ಎಷ್ಟಾದವು ಅಂತ ಇಲ್ಲಿ ಬರೆಯುವುದಿಲ್ಲ.

ಇವತ್ತು ಬೆಳಿಗ್ಗೆ ಹತ್ತಕ್ಕೆ ಪಡಸಾಲೆಯಲ್ಲಿ ಎಲ್ಲರೂ ಕೂತರು. ಕಾಕಾ ಒಬ್ಬ ಗಿರಾಕಿಯನ್ನು ನೋಡಿಯೇ ಬಂದಿದ್ದರು. ಕಾರು ಇದ್ದ ಸ್ಥಿತಿಯಲ್ಲೇ ಒಯ್ಯುತ್ತಾನೆ, ಸೋಮವಾರ ಬರುತ್ತಾನೆ, ನಾನು ಸಹಿ ಹಾಕಿದರೆ ಸಾಕು. ಬದಲಿಗೆ ಗೇರಿನ ಗಾಡಿ. ಆರು ಮಂದಿ ದಬ್ಬಿದರೂ ಚಾಲೂ ಆಗದ ಗಾಡಿ ನಮ್ಮಂಥವರಿಗೆ ಯಾಕೆ ಬೇಕು, ತಾವು ಮೊದಲೇ ಹೇಳಿರಲಿಲ್ಲವೇ, ಅಂತ ಕಾಕಾನ ವಾದ. ತಾವು ಕೆಡಿಸಿದ್ದನ್ನು ತಾವೇ ಸಾಕ್ಷಿಯಾಗಿ ಎತ್ತಿ ತೋರಿಸುತ್ತಿದ್ದರು. ತಪ್ಪಾಯಿತು ಅನ್ನುವ ಮಾತು ಆ ಪಡಸಾಲೆಯಲ್ಲಿ ಯಾರ ಬಾಯಿಂದಲೂ ಬರಲಿಲ್ಲ.

ಅಣ್ಣ ನೆಲ ನೋಡುತ್ತ, "ನಾ ಬಿಡ್ತೀನಲ್ಲ ನಿನ್ನ ಸಂತಿಗಿ," ಅಂದ.

"ಹೌದ್ರಿ, ಬಿಡ್ತೀರಿ," ಅಂದಳು ವೈನಿ ಒಳಗಿನಿಂದ. "ಸಂತಿ ಮುಗಿಯೂದ್ರಾಗ ಬಿಡ್ತೀರಿ."

ನಾನು ಕಾಕಾಗೆ ಅಂದೆ, "ರಿಪೇರಿ ಮಾಡಸ್ತೀನ್ರಿ. ಮಾರೂದಿಲ್ಲ. ಇನ್ನ ಮುಂದ ಚಾವಿ ನನ್ನ ಹತ್ರ ಇರತೈತಿ. ಯಾರಿಗಿ ಎಲ್ಲಿಗಿ ಹೋಗೂದಿದ್ರೂ ನನ್ನ ಕರೀರಿ, ನಾ ಒಯ್ತೀನಿ. ರಾತ್ರಿ ಎರಡಕ್ಕ ಕರದ್ರೂ ಬರ್ತೀನಿ."

ಕಾಕಾನ ಮುಖ ಬಿಗಿಯಿತು. ಇಷ್ಟು ತಿಂಗಳು ಮೈಲೇಜು, ಮೇಸ್ತ್ರಿ, ಬ್ಯಾಟರಿ ಅಂತ ಸುತ್ತಿದ ಮಾತು ಆಗ ಬಿಚ್ಚಿತು.

"ಗೇರ್ ಗಾಡಿ ಇದ್ದಾಗ ಎಲ್ಲಿ ಹೋಗೂದಿದ್ರೂ ಹೇಳಿ ಹೋಗ್ತಿದ್ದಿ. ಈ ಗಾಡಿ ಬಂದ ಮ್ಯಾಲ ಎದ್ದು ಹೊಂಟಬಿಡ್ತಿ. ಎಲ್ಲಿಗಿ, ಯಾವಾಗ ಬರ್ತಿ, ಯಾರಿಗಿ ಗೊತ್ತು?"

ಇವರು ಗೇರಿನ ಬಗ್ಗೆ ಮಾತಾಡುತ್ತಿದ್ದಾರೆ ಅಂತಲೇ ನಾನು ಇಷ್ಟು ದಿನ ತಿಳಿದಿದ್ದೆ. ಇಳಿಜಾರಿನ ಬಗ್ಗೆ, ಪೆಟ್ರೋಲಿನ ಬಗ್ಗೆ ಉತ್ತರ ಕೊಡುತ್ತ ಕೂತಿದ್ದೆ. ಅಣ್ಣನನ್ನು ಎರಡು ಸಲ ಕೇಳಿದರೆ ಜಗಳವಾಗುತ್ತಿತ್ತಲ್ಲ, ಆ ಕೇಳುವುದೇ ಇವರಿಗೆ ಬೇಕಾಗಿತ್ತು. ನಾನು ಕೇಳದೆ ಹೋಗಿದ್ದು ಇವರ ಲೆಕ್ಕದಲ್ಲಿ ಗಾಡಿಯ ದೋಷ.

"ಹೌದ್ರಿ ಕಾಕಾ," ಅಂದೆ. "ಅದಕ್ಕಽ ತಗೊಂಡೀನಿ."

ಕಾಕಾ ಎದ್ದರು. ಅವರಿಗೆ ಚಪ್ಪಲಿ ಮೆಟ್ಟಲು ಬಹಳ ಹೊತ್ತು ಹಿಡಿಯಿತು. ಅವ್ವ ಅಷ್ಟು ಹೊತ್ತು ಕಂಬಕ್ಕೆ ಒರಗಿ ಕೂತಿದ್ದಳು. ಸೋಮವಾರ ಗಿರಾಕಿಗೆ ಬರಬೇಡ ಅಂತ ಹೇಳ್ರಿ, ಇಲ್ಲಾಂದ್ರ ಬಂದು ಚಾ ಕುಡದು ಹೋಗಬೇಕಾಗ್ತದ, ಅಂತ ಅವಳು ಮೈದುನನಿಗೆ ಮೆಲ್ಲಗೆ ಹೇಳಿದಳು. ಕಾಕಾ ಹೊರಗೆ ನಡೆದರು. ಅಣ್ಣ ಅವರ ಹಿಂದೆ ಹೋದ. ಕರೆದರೂ ಮಧ್ಯಾಹ್ನ ಊಟಕ್ಕೆ ಇಬ್ಬರೂ ಬರಲಿಲ್ಲ. ಇನ್ನು ಈ ಐದು ಮನೆಗಳಲ್ಲಿ ಎಷ್ಟು ಮನೆಯ ಬಾಗಿಲು ನನಗೆ ಮೊದಲಿನಂತೆ ತೆರೆದಿರುತ್ತದೋ ಗೊತ್ತಿಲ್ಲ. ಗೊತ್ತಿಲ್ಲದೆಯೂ ನಾನು ಸಹಿ ಹಾಕುವುದಿಲ್ಲ.

ಈಗ ಏಳೂ ಹತ್ತು. ಸಿಟ್ಟು ಇನ್ನೂ ಇಳಿದಿಲ್ಲ, ಒಳ್ಳೆಯದೇ ಆಯಿತು. ಉಳಿದಿರುವುದು ಕೆಲಸದ ಮಾತು, ಅದಕ್ಕೆ ಇದನ್ನು ಓದುವವರ ಸಹಾಯ ಬೇಕು. ಹೊಸ ಗೇರ್‌ಬಾಕ್ಸ್ ಹಾಕಿಸುವುದು ಸದ್ಯಕ್ಕೆ ನನ್ನ ವ್ಯಾಪಾರಕ್ಕೆ ಮೀರಿದ್ದು. ಕ್ಲಚ್ ಇಲ್ಲದ ಇಂಥ ಗೇರ್‌ಬಾಕ್ಸುಗಳನ್ನು ಬಿಚ್ಚಿ, ಸವೆದದ್ದನ್ನು ಮಾತ್ರ ಬದಲಿಸಿ ಕೊಡುವವರು ಮಿರಜಿನಿಂದ ವಿಜಯಪುರದವರೆಗೆ, ಸೊಲ್ಲಾಪುರದಲ್ಲಾದರೂ, ಯಾರಾದರೂ ಇದ್ದಾರೆಯೇ? ಹೀಗೆ ಎಳೆದು ಕೆಟ್ಟದ್ದು ರಿಪೇರಿಯಾಗಿ ಎಷ್ಟು ಕಾಲ ಬಾಳಿತು ಅಂತ ಅನುಭವದಿಂದ ಬಲ್ಲವರಿದ್ದಾರೆಯೇ? ಕ್ಲಚ್ಚನ್ನು ಕೈಯಿಂದ ಒತ್ತುವ ಹಾಗೆ ಗೇರಿನ ಗಾಡಿಗೆ ಒಂದು ಸಲಕರಣೆ ಕೂಡಿಸುತ್ತಾರಂತೆ. ಅದನ್ನು ನಮ್ಮಂಥ ರಸ್ತೆಯಲ್ಲಿ ದಿನಾ ಬಳಸಿದವರಿದ್ದರೆ ಅವರ ಮಾತನ್ನೂ ಕೇಳುತ್ತೇನೆ, ನನಗೆ ಹಟ ಇರುವುದು ಗಾಡಿಯ ಮೇಲಲ್ಲ. ಗೊತ್ತಿದ್ದವರು ದಯವಿಟ್ಟು ಬರೆಯಿರಿ. ಯಾರಾದರೂ ಮನೆಯ ಗಂಡಸರು ಓಡಿಸಿದರೆ ಸಾಲದೇ ಅಂತ ಕೇಳಲು ಮಾತ್ರ ಬರೆಯಬೇಡಿ. ಅದನ್ನು ಹೇಳುವವರು ಇಲ್ಲಿಯೇ ಬೇಕಾದಷ್ಟಿದ್ದಾರೆ.